ಅರ್ಧಕ್ಕೆ ನಿಂತ ಓಟ

ಇದು ಖರೇನೇ ನಡೆದದ್ದು. ನಾನೊಬ್ಬನೇ ಕೇಳಿದ್ದರೆ ನನ್ನ ಕಿವಿಯನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಪಕ್ಕದಲ್ಲಿ ದಾದಾಪೀರ್ ಇದ್ದ. ದೆವ್ವ ಗಿವ್ವ ಅಂದರೆ ಹೊಟ್ಟೆ ಹಿಡಿದುಕೊಂಡು ನಗುವ ಆಸಾಮಿ ಅವನು. ಆ ರಾತ್ರಿಯ ಮಾತೆತ್ತಿದರೆ ಇವತ್ತಿಗೂ ಎದ್ದು ಹೋಗುತ್ತಾನೆ.

ಮೊದಲು ಮೈಲಾರಿಯ ಬಗ್ಗೆ ಹೇಳಬೇಕು. ಹರ್ತಿಯ ಹುಡುಗ, ನಮ್ಮ ಮುಂಡರಗಿ ಟೀಮಿನ ಬೌಲರ್. ಟೆನಿಸ್ ಬಾಲಿನಲ್ಲಿ ಅಂಥ ವೇಗ ನಾನು ಬೇರೆಲ್ಲೂ ನೋಡಿಲ್ಲ. ಅವನು ಆಡುತ್ತಾನೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಬೆಟಗೇರಿಯಿಂದ ಜನ ಟಂಟಂ ಆಟೋ ಮಾಡಿಕೊಂಡು ಬರುತ್ತಿದ್ದರು. ಅವನ ಕೈಯಲ್ಲಿ ಔಟಾದವರೂ ಅವನ ಬೆನ್ನು ತಟ್ಟಿ ಹೋಗುತ್ತಿದ್ದರು.

ನಾನು ಅಂಪೈರ್, ದಾದಾಪೀರ್ ಕೀಪರ್. ಮೈಲಾರಿ ಕೊನೆಯ ಸಲ ಓಡಿದಾಗ ಇಬ್ಬರೂ ಅಲ್ಲೇ ಇದ್ದೆವು. ಬೌಲರ್ ಓಡಿ ಬರುವುದನ್ನು ಅಂಪೈರ್ ನೋಡುವುದಿಲ್ಲ, ಬೆನ್ನ ಹಿಂದೆ ಕೇಳಿಸಿಕೊಳ್ಳುತ್ತಾನೆ. ಧಪ್, ಧಪ್, ಧಪ್ ಅಂತ ಬರುತ್ತಿದ್ದ ಸಪ್ಪಳ ಅರ್ಧಕ್ಕೆ ನಿಂತಿತು. ಹೆಜ್ಜೆ ತಪ್ಪಿರಬೇಕು ಅಂದುಕೊಂಡು ತಿರುಗಿದೆ. ಬೋರಲು ಬಿದ್ದಿದ್ದ... ಬಾಲು ಇನ್ನೂ ಕೈಯಲ್ಲೇ ಇತ್ತು.

ಗದಗಿನ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹೃದಯ ನಿಂತಿತು ಅಂದರು. ಇಪ್ಪತ್ನಾಲ್ಕರ ಹುಡುಗನಿಗೆ!

ಅಂದಿನಿಂದ ವರ್ಷಕ್ಕೊಮ್ಮೆ ಅದೇ ಮೈದಾನದಲ್ಲಿ ಅವನ ಹೆಸರಲ್ಲಿ ಟೂರ್ನಮೆಂಟ್ ಮಾಡುತ್ತೇವೆ. ಅದಕ್ಕೊಂದು ಪದ್ಧತಿ ಇದೆ. ಫೈನಲ್ಲಿನ ಮೊದಲನೇ ಬಾಲು ಮೈಲಾರಿಯದು, ಯಾರೂ ಹಾಕುವುದಿಲ್ಲ. ಕೀಪರ್ ಬಗ್ಗಿ ಕೂರುತ್ತಾನೆ, ಬ್ಯಾಟ್ಸ್‌ಮನ್ ಬ್ಯಾಟ್ ಊರಿ ನಿಲ್ಲುತ್ತಾನೆ, ಇಡೀ ಮೈದಾನ ಗಪ್‌ಚಿಪ್. ಸ್ವಲ್ಪ ಹೊತ್ತಿಗೆ ನಾನು "ಒಂದ್ ಬಾಲ್ ಆತು" ಅನ್ನುತ್ತೇನೆ. ಜನ ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ಆಟ ಶುರು.

ಈ ವರ್ಷ ನಮಗೆಲ್ಲ ಒಂದು ಹುಕಿ ಬಂತು. ಮೈಲಾರಿಯ ತಮ್ಮ ಶಿವು ಕೂಡ ಬೌಲರ್. ಓಡುವುದು ಬೇರೆ ಥರ, ಆದರೆ ಕೈ ತಿರುಗಿಸುವುದು ಥೇಟ್ ಅಣ್ಣನ ಹಾಗೆಯೇ. ಆ ಮೊದಲನೇ ಬಾಲನ್ನು ಅವನೇ ಹಾಕಲಿ, ಅಣ್ಣನ ಅಂಗಿ ತೊಟ್ಟು, ಅಣ್ಣ ಓಡಿದ ಕಡೆಯಿಂದಲೇ! ಮೈಲಾರಿ ಮತ್ತೆ ಬಂದ ಹಾಗಾಗುತ್ತದೆ ಎಂದು ಎಲ್ಲರೂ ಚಪ್ಪಾಳೆ ಹೊಡೆದೆವು. ಅಭಿಮಾನಕ್ಕೆ ಕಣ್ಣಿಲ್ಲ ನೋಡಿ.

ಫೈನಲ್ಲಿನ ಹಿಂದಿನ ರಾತ್ರಿ. ಪಿಚ್ಚಿಗೂ ಬೌಲರ್ ಓಡಿ ಬರುವ ದಾರಿಗೂ ಗರಸು ಮಣ್ಣು ಹಾಕಿ ಬಡಿದು, ಮೇಲೆ ಸಗಣಿ ಸಾರಿಸಿದ್ದೆವು. ಬೆಳಗಾಗುವಷ್ಟರಲ್ಲಿ ಅದು ಒಣಗಬೇಕು. ದನ, ನಾಯಿ ತುಳಿಯದಂತೆ ಯಾರಾದರೂ ಕಾಯಬೇಕು. ನಾನು, ದಾದಾಪೀರ್ ಉಳಿದೆವು. ರೊಟ್ಟಿ, ಶೇಂಗಾ ಚಟ್ನಿ ತಿಂದು ಕಂಬಳಿ ಹಾಸಿಕೊಂಡೆವು. ದೂರ ಕಪ್ಪತಗುಡ್ಡದ ಮೇಲೆ ಗಾಳಿ ಫ್ಯಾನುಗಳ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಮೂಗಿನ ತುಂಬ ಹಸಿ ಸಗಣಿಯ ವಾಸನೆ. ಗಾಳಿ ಪೂರ್ತಿ ಬಿದ್ದುಹೋಗಿತ್ತು.

ಆಗ ಕೇಳಿಸಿತು.

ಸರ್ರ್... ಧಪ್. ಸರ್ರ್... ಧಪ್. ಸರ್ರ್... ಧಪ್.

ಯಾರೋ ಓಡಿ ಬರುವ ಸಪ್ಪಳ. ಬೌಲರ್ ಓಟ ಶುರು ಮಾಡುವ ಜಾಗದಿಂದ. ಹತ್ತಿರ ಬಂತು, ವೇಗ ಏರಿತು... ಅರ್ಧಕ್ಕೆ ನಿಂತುಬಿಟ್ಟಿತು.

ಟಾರ್ಚ್ ಹಾಕಿದೆ. ಒಂದು ಹುಳವೂ ಇರಲಿಲ್ಲ.

"ನಾಯಿ ಇರಬೇಕ ತಗೋ," ಅಂದೆ.

"ನಾಯಿ ಬೂಟ ಹಾಕ್ಕೋತೈತೇನಲೇ?" ಅಂದ ದಾದಾಪೀರ್. ನಗಲು ನೋಡಿದ, ಆಗಲಿಲ್ಲ.

ಮತ್ತೆ ಬಂತು. ಮತ್ತೆ ಅಲ್ಲೇ ನಿಂತಿತು. ಮೈಲಾರಿ ಬಿದ್ದ ಜಾಗದಲ್ಲೇ. ಕತ್ತಲಿಗೆ ಕೈ ಮುಗಿದೆ.

"ಮೈಲಾರಿ... ನೀನ ಏನೋ ತಮ್ಮಾ?"

ದಾದಾಪೀರ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಅಂವ ಅಲ್ಲೋ ರುದ್ರಪ್ಪ," ಪಿಸುಗುಟ್ಟಿದ. "ಮೈಲಾರಿ ಹಿಂಗ ಓಡ್ತಿರಲಿಲ್ಲ. ಬರೋಬ್ಬರಿ ಕೇಳು... ಎಡಗಾಲ ಎಳದ ಓಡಾಕತ್ತೈತಿ."

ಕೇಳಿದೆ. ಎಡಗಾಲನ್ನು ನೆಲಕ್ಕೆ ಸವರಿಕೊಂಡು ಓಡುವವನು ನಮ್ಮ ಕಡೆ ಒಬ್ಬನೇ. ಶಿವು!

ಸತ್ತವನ ಸಪ್ಪಳವಾಗಿದ್ದರೆ ಅಳುತ್ತಿದ್ದೆ, ಊದಿನಕಡ್ಡಿ ಹಚ್ಚುತ್ತಿದ್ದೆ. ಬದುಕಿರುವವನ ಸಪ್ಪಳಕ್ಕೆ ಏನು ಮಾಡುವುದು?

ಶಿವುಗೆ ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು.

"ಯಾಕ ರುದ್ರಣ್ಣ... ಮಲ್ಕೊಂಡಿದ್ನೆಲ್ಲ," ಅಂತ ಆಕಳಿಸಿದ ಶಿವು. ಹರ್ತಿಯ ಮನೆಯಲ್ಲೇ ಇದ್ದ. ಪಕ್ಕದಿಂದ ಅವರವ್ವ ನೀಲವ್ವ "ಯಾರಪಾ ಇಷ್ಟೊತ್ತಿನ್ಯಾಗ?" ಅಂದದ್ದೂ ಕೇಳಿಸಿತು.

ನಾನು ಬಾಯಿ ತೆರೆಯುವಷ್ಟರಲ್ಲಿ, ಶಿವು ಇನ್ನೂ ಫೋನಿನಲ್ಲಿ "ಹಲೋ, ಹಲೋ" ಅನ್ನುತ್ತಿರುವಾಗಲೇ, ಕತ್ತಲಲ್ಲಿ ಮತ್ತೆ ಶುರುವಾಯಿತು. ಸರ್ರ್... ಧಪ್. ಸರ್ರ್... ಧಪ್...

ಬೆಳಗಾಗುತ್ತಲೇ ಇಬ್ಬರೂ ಬೈಕ್ ಹತ್ತಿ ಹರ್ತಿಗೆ ಹೋದೆವು. ಹೊರಡುವ ಮುಂಚೆ ನೋಡಿದರೆ, ಬೌಲರ್ ಓಡಿ ಬರುವ ದಾರಿಯ ಸಗಣಿಯಲ್ಲಿ ಒಂದು ಗೀರೂ ಇರಲಿಲ್ಲ. ಅದನ್ನು ನೋಡಿಯೇ ನನಗೆ ಇನ್ನಷ್ಟು ಅಂಜಿಕೆಯಾಯಿತು.

"ಮೊದಲ್ನೇ ಬಾಲ್ ಖಾಲಿನ ಬಿಡೂಣು. ನೀ ಇವತ್ತ ಆಡಬ್ಯಾಡ," ಅಂದೆ ಶಿವುಗೆ. ಕೇಳಿದ್ದನ್ನೆಲ್ಲ ಹೇಳಿದೆ.

ಅವನಿಗೆ ಸಿಟ್ಟು ಬಂತು. "ಭ್ರಾಂತಿ ಏನ್ರಿ ನಿಮಗ? ಹಾಕು ಅಂದವರೂ ನೀವ, ಬ್ಯಾಡ ಅನ್ನವರೂ ನೀವ. ಟಂಟಂ ತುಂಬಿ ಜನ ಬರಾಕತ್ತಾರ. ನಮ್ಮಣ್ಣನ ಅಂಗಿ ಹಾಕ್ಕೊಂಡು ಅಂಜಿ ಮನ್ಯಾಗ ಕುಂಡ್ರಲೇನು?"

ಬ್ಯಾಟು ಬಗಲಿಗೇರಿಸಿ ಹೋಗಿಯೇಬಿಟ್ಟ. ಉಳಿದದ್ದು ಒಂದೇ ದಾರಿ. ಒಳಗೆ ಹೋಗಿ ನೀಲವ್ವನಿಗೆ ಹೇಳಿದೆವು. ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂದರೂ ತಿರುವಲಿಲ್ಲ.

"ಅಂವ ನನ್ನ ಮಾತ ಕೇಳಂಗಿಲ್ಲ," ಅಂದರು ನಿಧಾನಕ್ಕೆ. "ಖರೆನೋ ಸುಳ್ಳೋ... ನನಗ ಯಾಕ ಹೇಳಿದ್ರೆಪಾ? ಇನ್ನ ನಾ ಹ್ಯಾಂಗ ನಿದ್ದಿ ಮಾಡ್ಲಿ?"

ಇಬ್ಬರೂ ತಲೆ ತಗ್ಗಿಸಿ ಬೈಕ್ ಹತ್ತಿದೆವು.

ಆ ದಿನ ಶಿವು ಬಾಲು ಹಾಕಿದ. ನಾನು ಬೆನ್ನು ತಿರುಗಿಸಿ ನಿಂತು, ಹಲ್ಲು ಕಚ್ಚಿ ಕೇಳಿದೆ. ಸಪ್ಪಳ ಎಲ್ಲಿಯೂ ನಿಲ್ಲದೆ ನನ್ನನ್ನು ದಾಟಿ ಹೋಯಿತು. ಮೈದಾನವೆಲ್ಲ "ಮೈಲಾರಿ! ಮೈಲಾರಿ!" ಅಂತ ಕೂಗಿತು. ಏನೂ ಆಗಲಿಲ್ಲ. ಮುಂದಿನ ವಾರ ದಾದಾಪೀರ್ ಅವನನ್ನು ಜುಲ್ಮಿಯಿಂದ ಗದಗಿಗೆ ಕರೆದುಕೊಂಡು ಹೋಗಿ ಹೃದಯದ ಡಾಕ್ಟರಿಗೆ ತೋರಿಸಿದ. ಇದ್ದಬದ್ದ ಟೆಸ್ಟೆಲ್ಲ ಆಯಿತು. ಎಲ್ಲ ಬರೋಬ್ಬರಿ ಇದೆ ಅಂದರು. ಶಿವು ಈಗ ನನ್ನನ್ನು ಕಂಡರೆ "ಬರ್ರಿ, ದೆವ್ವದ ಅಂಪೈರ್" ಅಂತ ಚೇಷ್ಟೆ ಮಾಡುತ್ತಾನೆ. ನಾನೂ ನಗುತ್ತೇನೆ, ಏನು ಮಾಡಲಿ.

ಆದರೆ ಮೈದಾನದ ಕಡೆ ಎಂದೂ ತಲೆ ಹಾಕದ ನೀಲವ್ವ ಈಗ ಪ್ರತಿ ಮ್ಯಾಚಿಗೂ ಬರುತ್ತಾರೆ. ಬೌಲರ್ ಓಡುವ ಕಡೆಯೇ ಗೆರೆಯ ಆಚೆ ನೆಲದ ಮೇಲೆ ಕೂರುತ್ತಾರೆ. ಶಿವು ಓಡಲು ಶುರು ಮಾಡಿದರೆ ಎದ್ದು ನಿಲ್ಲುತ್ತಾರೆ. ಬಾಲು ಕೈಬಿಟ್ಟ ಮೇಲೆ ಕೂರುತ್ತಾರೆ. ಮತ್ತೆ ಏಳುತ್ತಾರೆ. "ತಾಯಿಗೆ ಎಷ್ಟ ಹುರುಪ ನೋಡ್ರಿ!" ಅಂತ ಜನ ಅವರಿಗೂ ಶಿಳ್ಳೆ ಹೊಡೆಯುತ್ತಾರೆ.

ಮೊನ್ನೆ ಲಕ್ಷ್ಮೇಶ್ವರದ ಮ್ಯಾಚಿನಲ್ಲಿ ನನ್ನ ಬೆನ್ನ ಹಿಂದಿನ ಸಪ್ಪಳ ಅರ್ಧಕ್ಕೆ ನಿಂತಿತು. ತಿರುಗಿ ನೋಡಲು ನನಗೆ ಧೈರ್ಯವೇ ಬರಲಿಲ್ಲ.

"ಕಣ್ಣಾಗ ಧೂಳ ಬಿತ್ತಣ್ಣ," ಅಂತ ಶಿವುನ ದನಿ ಕೇಳಿಸಿತು. ಕಣ್ಣುಜ್ಜಿಕೊಂಡು ಹಿಂದೆ ಹೋದ, ಮತ್ತೆ ಓಡಿ ಬಂದ, ವಿಕೆಟ್ ಕಿತ್ತ. ಜನ ಕುಣಿದರು.

ನೀಲವ್ವ ಮಾತ್ರ ಆಮೇಲೆ ಕೂರಲಿಲ್ಲ. ಆಟ ಮುಗಿದು, ಟಂಟಂಗಳೆಲ್ಲ ಹೋಗಿ, ನಾವು ಸ್ಟಂಪ್ ಕಿತ್ತು ಕಟ್ಟುವಾಗಲೂ ಅಲ್ಲೇ ನಿಂತಿದ್ದರು.