ಇನ್ಸ್‌ಬ್ರುಕ್ ಬೆಟ್ಟದ ಮೇಲೆ ಯಾವ ದೇವರು?

ಪರದೇಶದ ವಾರೆನ್ ಊರಿನ ನಮ್ಮ ಆಫೀಸಿಗೆ ಆಸ್ಟ್ರಿಯಾದಿಂದ ಬಂದಿದ್ದ ಇಂಜಿನಿಯರ್ ಲೂಕಸ್, ಊಟದ ಹೊತ್ತಲ್ಲಿ ಫೋನಿನಲ್ಲಿ ತನ್ನೂರು ತೋರಿಸಿದ. ಆಲ್ಪ್ಸ್ ನಡುವಿನ ಇನ್ಸ್‌ಬ್ರುಕ್, ಟಿರೋಲ್ ಪ್ರಾಂತ್ಯದ ರಾಜಧಾನಿ. ಪೇಟೆಬೀದಿಯ ತುದಿಯಲ್ಲೇ ಹಿಮದ ಬೆಟ್ಟ! ಮೈಸೂರಿನವಳು ನಾನು, ಕುರ್ಚಿಯಿಂದ ಎದ್ದೇಬಿಟ್ಟೆ.

“ಮೇಲೆ ಯಾವ ದೇವರು?”

ಅವನು ತಬ್ಬಿಬ್ಬಾದ. “ಕೇಬಲ್ ಕಾರ್ ಹೋಗುತ್ತೆ, ಕಾಫಿ ಸಿಗುತ್ತೆ,” ಅಂದ. ನಾನು ಬಿಡಲಿಲ್ಲ. ಕೊನೆಗೆ ನೆನಪಾಗಿ, “ಹಾಂ, ತುದೀಲಿ ಒಂದು ಶಿಲುಬೆ ಇದೆ!” ಅಂದ.

“ನೋಡಿದ್ರಾ! ನಮ್ಮ ಬೆಟ್ಟದ ಮೇಲೆ ಚಾಮುಂಡಿ ಇದ್ದಾಳೆ. ಬೀದಿಯಿಂದಲೇ ದಿನಾ ಕೈ ಮುಗೀತಿದ್ವಿ.”

“ಇಲ್ಲಿ ಯಾವುದಕ್ಕೆ ಮುಗೀತೀರಿ?” ಅಂತ ಕೇಳಿದ ಲೂಕಸ್.

ಕಿಟಕಿಯಾಚೆ ಸಪಾಟು ಊರು. ಎತ್ತರಕ್ಕಿದ್ದದ್ದು ನಮ್ಮ ಪಾರ್ಕಿಂಗ್ ಕಟ್ಟಡ ಒಂದೇ. ಜಾಗ ಸಿಗಲಿ ಅಂತ ದಿನಾ ಬೆಳಿಗ್ಗೆ ಅದಕ್ಕೇ ಕೈ ಮುಗಿಯೋದು ಅಂತ ಅವನಿಗೆ ಹೇಳಲಿಲ್ಲ.