ನೆಗೆಣ್ಣಿ ಬರೆದ ಪತಂಗ

ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆಯ ದಡಿಗೆ ನಕ್ಷೆ ಬರೆಯುವವಳು ನಾನೊಬ್ಬಳೇ ಇದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಾದಾಮಿ ಕಡೆಯಿಂದ ಮೈದುನನ ಹೆಂಡತಿಯಾಗಿ ಬಂದ ಹುಡುಗಿ, ನನ್ನ ನೆಗೆಣ್ಣಿ, ಆ ಪಟ್ಟ ಕಿತ್ತುಕೊಂಡಳು. ಕಿತ್ತುಕೊಂಡಳು ಎಂದೇ ಬರೆಯುತ್ತೇನೆ. ಇಷ್ಟು ವರ್ಷವಾದರೂ ಬೇರೆ ಪದ ನನ್ನ ಬಾಯಿಗೆ ಬರುವುದಿಲ್ಲ.

ಹತ್ತಿಗೆ ಬೀಳುವ ಕಾಯಿಕೊರಕ ಹುಳದ ಪತಂಗ ಹೇಗಿರುತ್ತದೆಂದು ಊರೂರಿನ ರೈತರಿಗೆ ತೋರಿಸಲು ದೊಡ್ಡ ಬಣ್ಣದ ಚಿತ್ರಗಳು ಬೇಕಿದ್ದವು. ಅದಕ್ಕಾಗಿ ಬೇಸಾಯ ಇಲಾಖೆಯ ಸಾಹೇಬರೊಬ್ಬರು ಬಾಗಲಕೋಟೆಯಿಂದ ಹುಡುಕಿಕೊಂಡು ಬಂದದ್ದು ನನ್ನನ್ನು. ಚಿತ್ರದ ಕೆಳಗೆ ಬರೆದವರ ಹೆಸರು ಹಾಕುತ್ತಾರಂತೆ. ಸೀರೆಯ ಮೇಲೆ ಯಾರ ಹೆಸರು ತಾನೇ ಇರುತ್ತದೆ? ಆ ಹೆಸರಿಗಾಗಿ ನನ್ನ ಜೀವ ಹಾತೊರೆಯಿತು. ಹತ್ತಿಯ ಟೊಂಗೆಯ ಸಮೇತ ಒಂದು ಜೀವಂತ ಪತಂಗವನ್ನು ಗಾಜಿನ ಬಾಟಲಿಯಲ್ಲಿ ಕೊಟ್ಟು, ಮಾದರಿಗೆ ಒಂದು ಚಿತ್ರ ಬರೆದಿಡಿ, ನಾಡಿದ್ದು ಬರುತ್ತೇನೆ ಎಂದು ಹೋದರು.

ನಮ್ಮ ಕಸುಬಿನಲ್ಲಿ ದಡಿಯ ಹೂವನ್ನು ಅರ್ಧ ಬರೆದರೆ ಮುಗಿಯಿತು. ಉಳಿದರ್ಧ ಅದರ ಪಡಿಯಚ್ಚು. ನಾನೂ ಒಂದು ರೆಕ್ಕೆ ಬರೆದು, ಕಾಗದ ಮಡಚಿ, ಇನ್ನೊಂದನ್ನು ಒತ್ತಿ ತೆಗೆದೆ. ಎಲೆಗಳೂ ಹಾಗೆಯೇ, ಎಡಕ್ಕೆರಡು, ಬಲಕ್ಕೆರಡು. ಬಾಟಲಿಯ ಕಡೆ ಮತ್ತೆ ನೋಡುವ ಗೋಜಿಗೆ ಹೋಗಲಿಲ್ಲ.

ನೆಗೆಣ್ಣಿಯೋ, ರೊಟ್ಟಿ ಬಡಿದು ಮುಗಿಸಿದವಳೇ ಕಾಗದ ಹಿಡಿದು ಬಾಟಲಿಯ ಮುಂದೆ ಕೂತುಬಿಡುತ್ತಿದ್ದಳು. ಬಣ್ಣ ಕೂಡಿಸುವುದು ಆಕೆಗೆ ಗೊತ್ತಿರಲಿಲ್ಲ.

“ಅಕ್ಕಾ, ಈ ಹುಳದ ಬಣ್ಣ ಒಂಚೂರು ಕೂಡಿಸಿ ಕೊಡ್ರಿ,” ಅಂದಳು. ಆಟವಾಡಿಕೊಳ್ಳಲಿ ಎಂದು ಕೊಟ್ಟೆ.

ಸಾಹೇಬರು ಬಂದಾಗ ಅತ್ತೆ ಇಬ್ಬರ ಚಿತ್ರಗಳನ್ನೂ ಅವರ ಮುಂದೆ ಹಾಸಿದರು. ಕೇಳಿದವರಾರು ಅವರನ್ನು?

“ಇದು ಸೆರಗಿಗೆ ಛಲೋ ಐತ್ರಿ,” ಎಂದರು ಸಾಹೇಬರು, ನನ್ನದನ್ನು ನೋಡಿ. “ಖರೆ ಹೊಲದಾಗ ಹುಳಾ ಹಿಂಗ ರೆಕ್ಕಿ ಹರವಿಕೊಂಡು ಕೂಡಂಗಿಲ್ಲ.”

ಅವಳ ಪತಂಗ ರೆಕ್ಕೆ ಮಡಚಿ, ತೂತು ಬಿದ್ದ ಎಲೆಯ ಅಂಚಿಗೆ ಓರೆಯಾಗಿ ಕೂತಿತ್ತು. ಒಂದು ರೆಕ್ಕೆಯ ತುದಿ ಹರಿದಿತ್ತು, ಬಾಟಲಿಯೊಳಗಿನದರಂತೆಯೇ. ಊದಿದರೆ ಹಾರೀತು ಅನ್ನಿಸಿತು. ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಲ್ಲ, ನಿಜವಾಗಿ ಹೊಟ್ಟೆಯಲ್ಲೇ ಹೊತ್ತಿಕೊಳ್ಳುತ್ತದೆ. ಆ ಬಣ್ಣ ಕೂಡಿಸಿದವಳು ನಾನು!

ಚಿತ್ರಗಳು ಹುನಗುಂದ, ಕಮತಗಿ, ಕೆರೂರ ಎಲ್ಲ ಕಡೆ ಹೋದವು. ಕೆಳಗೆ ಅವಳ ಹೆಸರು. ಸಂತೆಗೆ ಹೋಗಿ ಬಂದವರೆಲ್ಲ ಅದನ್ನೇ ಹೇಳುವವರು. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ನಾನು ನಕ್ಷೆ ಬರೆಯುತ್ತಿದ್ದೆ.

ಎಂಬತ್ತರ ದಶಕದ ನಡುವೆ ಅವಳು ಇದ್ದಕ್ಕಿದ್ದಂತೆ ಬರೆಯುವುದನ್ನು ಬಿಟ್ಟಳು. ಸಾಹೇಬರು ಮತ್ತೆ ಬಂದು ಕೇಳಿದರೂ ಒಲ್ಲೆ ಅಂದಳು. ನನಗೆ ಹಬ್ಬವಾಗಬೇಕಿತ್ತು, ಆಗಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ.

“ಯಾಕ ಬಿಟ್ಟಿ?”

ಜೋಳ ಹಸನು ಮಾಡುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

“ಬರೀಲಿಕ್ಕೆ ಬಂತಲ್ರಿ ಅಕ್ಕಾ. ಸಾಕಾತು.”

ಸಾಕಾಯಿತಂತೆ! ನಾನು ಇವತ್ತಿಗೂ ಬರೆಯುತ್ತಲೇ ಇದ್ದೇನೆ. ನನಗಿನ್ನೂ ಬಂದಿಲ್ಲ.