ನಾನು ನೋಡದ ಕಡೆಯ ರೀಲು

ಕಥೆ ಶುರುವಾಗಬೇಕಾದರೆ ಮೊದಲು ತಾಯಿ ಸಾಯಬೇಕು. ಇದನ್ನು ನಾನು ಒಂಬತ್ತನೆಯ ವಯಸ್ಸಿನಲ್ಲಿ, ಬಳ್ಳಾರಿಯ ಒಂದು ಸಿನಿಮಾ ಮಂದಿರದ ನೆಲದ ಮೇಲೆ ಕೂತು ಕಲಿತೆ. ಸ್ವಾತಂತ್ರ್ಯ ಬಂದ ಮರುವರ್ಷ ಅದು. ನಮ್ಮವ್ವ ತೀರಿಕೊಂಡು ಎರಡು ತಿಂಗಳಾಗಿತ್ತು.

ಶಾಲೆಯ ಮಕ್ಕಳಿಗೆಂದು ಬೆಳಗಿನ ಹೊತ್ತು ಒಂದು ಆಟ ಇಟ್ಟಿದ್ದರು. ಮನುಷ್ಯರಿಲ್ಲದ ಸಿನಿಮಾ, ಬರೆದ ಚಿತ್ರಗಳೇ ಎದ್ದು ಓಡಾಡುತ್ತವೆ ಎಂದು ನಮಗೆ ಪಾಠ ಹೇಳುವ ಅಕ್ಕೋರು ಮೊದಲೇ ಹೇಳಿದ್ದರು. ಪರದೇಶದ್ದು, ಮಾತೆಲ್ಲ ಇಂಗ್ಲಿಷು. ಅದಕ್ಕೇ ಪರದೆಯ ಪಕ್ಕ ಒಬ್ಬ ಕೋಲು ಹಿಡಿದು ನಿಂತು, ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಕಥೆ ಬಿಡಿಸಿ ಹೇಳುತ್ತಿದ್ದ. ಬಾಗಿಲಲ್ಲಿ ಎಲ್ಲರಿಗೂ ಕಥಾಸಾರ ಅಚ್ಚು ಮಾಡಿದ ಗುಲಾಬಿ ಬಣ್ಣದ ಚೀಟಿ ಕೊಟ್ಟರು. ನಾನು ಅದನ್ನು ನಾಲ್ಕಾಗಿ ಮಡಚಿ ಪಾಟಿಚೀಲದಲ್ಲಿ ಹಾಕಿಕೊಂಡೆ.

ಸಿನಿಮಾದಲ್ಲಿ ಒಬ್ಬ ಹುಡುಗಿ ತಾಯಿಯ ಮಂಚದ ಹತ್ತಿರ ಕೂತಿದ್ದಳು. ಕಿಟಕಿಯ ಪರದೆ ಗಾಳಿಗೆ ಒಮ್ಮೆ ಉಬ್ಬಿತು. ಅದು ಇಳಿಯುವುದರೊಳಗೆ ಮಂಚ ಬರಿದಾಗಿತ್ತು. "ತಲ್ಲಿ ಸತ್ತೋದ್ಳು," ಎಂದ ಕೋಲಿನವನು. ಎಂದು, ಮುಂದಕ್ಕೆ ಹೋದ. ನನ್ನ ಪಕ್ಕದ ಹುಡುಗಿ ಮಂಡಾಳು ಅಗಿಯುವುದನ್ನು ಕೂಡ ನಿಲ್ಲಿಸಲಿಲ್ಲ. ನಮ್ಮವ್ವನಿಗೆ ಹನ್ನೊಂದು ದಿನ ಬೇಕಾಗಿತ್ತು. ಜ್ವರ ನೆತ್ತಿಗೇರಿ ಕಡೆಯ ನಾಲ್ಕು ದಿನ ನನ್ನನ್ನು ಗುರುತು ಹಿಡಿಯಲಿಲ್ಲ.

ಅಕ್ಕೋರು ತಿರುಗಿ ನನ್ನ ಮುಖ ನೋಡಿದರು. ಅಳುತ್ತಾಳೆ ಅಂದುಕೊಂಡಿರಬೇಕು. ಅಳು ಬರಲಿಲ್ಲ. ಅವ್ವ ಹೋದ ದಿನವೂ ಬಂದಿರಲಿಲ್ಲ. ಒಳಗೆ ಎಲ್ಲೋ ಜೋಮು ಹಿಡಿದಂತಿತ್ತು. ಮಡಚಿ ಕೂತ ಕಾಲು ನಮ್ಮದೇ ಆದರೂ ನಮ್ಮದಲ್ಲ ಅನಿಸುತ್ತದಲ್ಲ, ಹಾಗೆ. ಮಾತಾಡಿಸಲು ಬಂದವರೆಲ್ಲ ಗಟ್ಟಿ ಹುಡುಗಿ ಎಂದು ಹೊಗಳಿ ಹೋಗಿದ್ದರು. ನಾನೂ ಅದನ್ನೇ ನಂಬಿಕೊಂಡಿದ್ದೆ.

ಮುಂದೆ ಅಪ್ಪ ಹೊಸ ತಾಯಿಯನ್ನು ತಂದ. ಅವಳು ಹುಡುಗಿಗೆ ಮೂರು ಕೆಲಸ ಹೇಳಿದಳು. ಮೊದಲು ಕಾಡಿನಿಂದ ಬೆಂಕಿ ತರಬೇಕು, ಆಮೇಲೆ ಬೆಟ್ಟದಿಂದ ಮಂಜು, ಕಡೆಗೆ ಬಾವಿಯ ತಳದಿಂದ ಬೆಳದಿಂಗಳು. ಹುಡುಗಿ ಹೋಗುವ ದಾರಿಯಲ್ಲಿ ಒಂದು ಕುಂಟ ಕತ್ತೆಮರಿ ಸಿಗುತ್ತಿತ್ತು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅದಕ್ಕೆ ಕೊಡುತ್ತಿದ್ದಳು. ನಾನು ಆ ವಯಸ್ಸಿಗೆ ದೊಡ್ಡ ಪಂಡಿತೆ. ಮೊದಲ ಸಲ ರೊಟ್ಟಿ ಮುರಿದಾಗಲೇ, ಇದು ಇನ್ನೆರಡು ಸಲ ಆಗುತ್ತದೆ, ಮೂರನೆಯ ಸಲ ಕತ್ತೆ ಬಾಯಿ ಬಿಡುತ್ತದೆ ಎಂದು ಪಕ್ಕದವಳಿಗೆ ಹೇಳಿದೆ. ಅವಳು "ಸುಮ್ನಿರಲೇ," ಎಂದಳು.

ಹಾಗೆಯೇ ಆಗುತ್ತ ಬಂತು. ಹುಡುಗಿ ಹಗ್ಗ ಹಿಡಿದು ಬಾವಿಗೆ ಇಳಿದಳು, ಹಗ್ಗದ ಇನ್ನೊಂದು ತುದಿ ಮಲತಾಯಿಯ ಕೈಯಲ್ಲಿತ್ತು. ಅಷ್ಟರಲ್ಲಿ ಫಿಲ್ಮು ಹರಿಯಿತು. ದೀಪ ಹೊತ್ತಿಕೊಂಡವು. ಮೇಲೆ ಮಿಷನ್ನಿನವನು ಅದನ್ನು ಅಂಟಿಸುತ್ತ ಕೂತ. ಮಧ್ಯಾಹ್ನದ ಗಂಟೆಯ ಹೊತ್ತಾಯಿತೆಂದು ಅಕ್ಕೋರು ನಮ್ಮನ್ನು ಸಾಲಾಗಿ ನಿಲ್ಲಿಸಿ ಶಾಲೆಗೆ ಹೊರಡಿಸಿದರು. ಮನೆಗೆ ಬಂದು ಚೀಟಿ ಬಿಡಿಸಿ ನೋಡಿದರೆ ಅದರಲ್ಲೂ ಕಥೆ ಬಾವಿಯವರೆಗೇ ಇತ್ತು. ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿಕೊಳ್ಳಬೇಕಂತೆ.

ಆ ಬೇಸಿಗೆಯಲ್ಲಿ ಅಪ್ಪ ಎರಡನೆಯ ಮದುವೆಯಾದ. ಬಂದವಳು ಚಿಗವ್ವ, ಅವ್ವನ ಒಡಹುಟ್ಟಿದ ತಂಗಿ, ಸಿರುಗುಪ್ಪದವಳು. ನನಗಿಂತ ಏಳೇ ವರ್ಷ ದೊಡ್ಡವಳು. ರಜೆಗೆ ಅಜ್ಜಿಯ ಊರಿಗೆ ಹೋದಾಗಲೆಲ್ಲ ಹೊಳೆದಂಡೆಯ ಮರಳಿನಲ್ಲಿ ನನ್ನ ಜೊತೆ ವರತೆ ತೋಡುತ್ತಿದ್ದವಳು, ಹುಣಸೆಕಾಯಿಗೆ ಉಪ್ಪು ಹಚ್ಚಿ ಕೊಡುತ್ತಿದ್ದವಳು. "ಯಾರೋ ಬಂದು ಕೂಸಿನ ಗೋಳು ಹೊಯ್ಕೊಳ್ಳೋದು ಬ್ಯಾಡ. ನಮ್ಮಾಕೀನ ಹೋಗ್ಲಿ," ಎಂದು ಅಜ್ಜಿ ತೀರ್ಮಾನ ಮಾಡಿದ್ದಳು. ಚಿಗವ್ವನನ್ನು ಯಾರೂ ಕೇಳಿರಲಿಲ್ಲ.

ಕೋಟೆಗುಡ್ಡದ ಕೆಳಗಿನ ನಮ್ಮ ಮನೆಯ ಮುಂದೆ ತಗಡಿನ ಟ್ರಂಕು ಇಳಿಸಿಕೊಂಡು ಅವಳು ನನ್ನನ್ನು ನೋಡಿ ಮೊದಲಿನ ಹಾಗೆಯೇ ನಕ್ಕಳು. ನಾನು ನಗಲಿಲ್ಲ. ಅವಳ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಎರಡನೆಯ ರೀಲು ಶುರುವಾಯಿತು ಅಂದುಕೊಂಡೆ. ಇನ್ನು ಮೇಲೆ ಅವ್ವ ಅಂತ ಕರೆಯಬೇಕೆಂದು ಅಪ್ಪ ಹೇಳಿದ. ಅವ್ವ ಅನ್ನಲಿಲ್ಲ, ಚಿಗವ್ವ ಅನ್ನುವುದನ್ನೂ ಬಿಟ್ಟೆ. ಬೇಕಾದರೆ ಅವಳ ಎದುರಿಗೆ ಹೋಗಿ ನಿಲ್ಲುತ್ತಿದ್ದೆ.

ಮೂರು ಕೆಲಸಗಳಿಗಾಗಿ ಕಾಯುತ್ತಿದ್ದೆ. ನಾಲ್ಕನೆಯ ದಿನ ಒಲೆ ಆರಿತ್ತು. "ಬಾಜೂ ಮನ್ಯಾಗ ಒಂದೀಟು ಕೆಂಡ ಇಸ್ಕೊಂಡು ಬಾ," ಎಂದಳು. ಕುಳ್ಳಿನ ಮೇಲೆ ಕೆಂಡ ತಂದೆ. ಒಂದಾಯಿತು. ಒಂದು ವಾರ ಕಳೆದ ಮೇಲೆ ಹಾಲು ಹೆಪ್ಪು ಹಾಕಲು ಮಜ್ಜಿಗೆ ಇರಲಿಲ್ಲ, ಗುಡ್ಡದ ಬುಡದಲ್ಲಿ ಎಮ್ಮೆ ಕಟ್ಟಿದವರ ಮನೆಗೆ ಕಳಿಸಿದಳು. ಬಟ್ಟಲಲ್ಲಿ ಬೆಳ್ಳಗೆ ಇತ್ತು, ಬೆಟ್ಟದಿಂದ ಬಂದಿತ್ತು, ಮಂಜಲ್ಲದೆ ಇನ್ನೇನು. ದಾರಿಯಲ್ಲಿ ಅಗಸರ ಕತ್ತೆಗೆ ಅರ್ಧ ರೊಟ್ಟಿ ಹಾಕಿ ನೋಡಿದೆ. ತಿಂದು ತನ್ನ ಪಾಡಿಗೆ ಹೋಯಿತು.

ಮೂರನೆಯದಕ್ಕೆ ನಾನೇ ತಯಾರಾಗಿ ನಿಂತೆ. ಹಿತ್ತಲ ಓಣಿಯ ಬಾವಿಗೆ ಅವಳು ಹೊರಟಾಗ ಹಗ್ಗ ಬಿಂದಿಗೆ ಎತ್ತಿಕೊಂಡು ಮುಂದೆ ನಡೆದೆ. ಅವಳು ಎರಡನ್ನೂ ಕಿತ್ತುಕೊಂಡಳು. "ಕಲ್ಲು ಜಾರ್ತಾವು. ನೀ ಬಾವಿ ಕಡಿ ಹಣಿಕಿ ಹಾಕಬ್ಯಾಡ," ಎಂದಳು. ಮರುದಿನವೂ ಅದೇ ಮಾತು. ಮಳೆಗಾಲ ಬಂದು ಹೋಯಿತು, ಬಾವಿಗೆ ಮಾತ್ರ ಕಳಿಸಲಿಲ್ಲ. ಕಥೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತಿತು, ಅದರ ಜೊತೆ ನಾನೂ.

ಒಂದು ಸಂಜೆ ಅಪ್ಪ ಹತ್ತಿ ಪ್ರೆಸ್ಸಿನ ಕೆಲಸದ ಮೇಲೆ ಕುರುಗೋಡಿಗೆ ಹೋಗಿದ್ದ. ಚಿಗವ್ವ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. "ಗೊಂಬಿ ಸಿನಿಮಾ ನೋಡೀಯಂತಲ್ಲ. ಏನ್ ಕತಿ ಅದು? ನಂಗೊಂದೀಟು ಹೇಳು," ಎಂದಳು.

ನಮ್ಮ ಕಡೆ ಕಥೆ ಹೇಳುವವರಿಗೆ ಕೇಳುವವರು ಹೂಂಗುಡಬೇಕು. ಒಂದೊಂದು ಮಾತಿಗೂ ಹೂಂ ಬೀಳಬೇಕು. ಹೂಂ ನಿಂತರೆ ಕಥೆಯನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಅವ್ವ ಹೇಳುತ್ತಿದ್ದಾಗ ಹೂಂ ನನ್ನದಾಗಿತ್ತು. ಹೇಳುವ ಜಾಗದಲ್ಲಿ ನಾನು ಕೂತದ್ದು ಆವತ್ತೇ ಮೊದಲು.

ಹೇಳಿದೆ. ತಾಯಿ ಸತ್ತಳು ಎಂದೆ. "ಹೂಂ," ಎಂದಳು. ಸತ್ತ ನಮ್ಮವ್ವ ಅವಳ ಸ್ವಂತ ಅಕ್ಕ. ಮಲತಾಯಿ ಬಂದಳು ಎಂದೆ. "ಹೂಂ." ಮಲತಾಯಿ ಹುಡುಗಿಗೆ ಉಣ್ಣಲು ಇಡಲಿಲ್ಲ, ಬರೆ ಹಾಕಿದಳು ಎಂದು ಸಿನಿಮಾದಲ್ಲಿ ಇಲ್ಲದ್ದನ್ನೂ ಸೇರಿಸಿದೆ. "ಹೂಂ." ಅವಳಿಗೆ ನೋವಾಗಲಿ ಅಂತ ಹೇಳಿದೆನೇ? ಹೌದು, ಅದಕ್ಕೇ ಹೇಳಿದೆ. ನನಗಂತೂ ಏನೂ ಆಗುತ್ತಿಲ್ಲ, ಇವಳಿಗಾದರೂ ಆಗುತ್ತದೋ ನೋಡೋಣ ಅನಿಸಿತ್ತು. ಮುಳ್ಳು ಚುಚ್ಚಿ ನೋಡುವವರ ಹಾಗೆ ಅವಳ ಮುಖವನ್ನೇ ನೋಡುತ್ತ ಹೇಳುತ್ತಿದ್ದೆ.

ಬಾವಿಯವರೆಗೆ ಬಂದೆ. ಅಲ್ಲಿಂದಾಚೆ ನನ್ನ ಹತ್ತಿರ ಕಥೆ ಇರಲಿಲ್ಲ.

"ಹೂಂ. ಕಡೀಕ ಆಕಿ ಏನಾದ್ಳು, ಆ ಮಲತಾಯಿ?" ಎಂದಳು ಚಿಗವ್ವ. ಹುಡುಗಿ ಏನಾದಳೆಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಮಲತಾಯಿಯನ್ನು.

ಕುರುಗೋಡಿನ ನಮ್ಮಪ್ಪನ ಹಳೆಯ ಮನೆಗೆ ಹೋಗುವ ದಾರಿಯಲ್ಲಿ ಒಂದು ಸುಣ್ಣದ ಗೂಡಿತ್ತು. ಕಲ್ಲು ತುಂಬಿ ಬಾಯಿ ಮುಚ್ಚಿ ಸುಡುತ್ತಿದ್ದರು, ಹತ್ತಿರ ಹೋದರೆ ಕಣ್ಣು ಉರಿಯುತ್ತಿತ್ತು. ನನಗೆ ಗೊತ್ತಿದ್ದ ದೊಡ್ಡ ಶಿಕ್ಷೆ ಅದೇ. "ಆಕೀನ ಸುಣ್ಣದ ಗೂಡಿನ್ಯಾಗ ಹಾಕಿ ಬಾಯಿ ಮುಚ್ಚಿದ್ರು. ಮೂರು ದಿನ ಹೊಗಿ ಬಂತು. ಅಪ್ಪ ಮಗಳು ಇಬ್ರೂ ಆರಾಮ ಇದ್ರು," ಎಂದೆ.

ಚಿಗವ್ವನ ಬೆರಳಲ್ಲಿ ಒಂದು ಶೇಂಗಾಕಾಯಿ ಒಡೆಯದೆ ನಿಂತಿತ್ತು. ಅದನ್ನು ಒಡೆದು ಕಾಳನ್ನು ಮೊರಕ್ಕೆ ಹಾಕಿದಳು. "ಹೂಂ," ಎಂದಳು. ಆಮೇಲೆ ಸೆರಗು ಕೊಡವಿ ಎದ್ದು ನನಗೆ ಉಣ್ಣಲು ಬಡಿಸಿದಳು. ಮರುದಿನ ಎಂದಿನ ಹಾಗೆ ತಾನೇ ನೀರಿಗೆ ಹೋದಳು. ಮತ್ತೆಂದೂ ನನ್ನನ್ನು ಕಥೆ ಕೇಳಲಿಲ್ಲ.

ಮುಂದಿನ ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅವಳಿಗೊಂದು ಹೆಣ್ಣುಮಗುವಾಯಿತು. ನನ್ನ ತಲೆ ಬಾಚಿದಳು, ನನಗೆ ಮೈತುಂಬ ಗುಳ್ಳೆಯಾಗಿ ಆಟಲಮ್ಮ ಎದ್ದಾಗ ಬೇವಿನಸೊಪ್ಪು ಹಿಡಿದು ಪಕ್ಕದಲ್ಲಿ ಕೂತಳು, ನಾನು ದೊಡ್ಡವಳಾದಾಗ ಆರತಿ ಮಾಡಿದಳು. ನಾನು ಎಲ್ಲದಕ್ಕೂ ತಲೆಯೊಡ್ಡಿದೆ, ಕೈಯೊಡ್ಡಿದೆ, ಬಾಯಿ ಬಿಟ್ಟು ಕರೆಯಲಿಲ್ಲ. ಹಟವೂ ಅಲ್ಲ ಅದು. ಹಟ ಮಾಡಲಿಕ್ಕೂ ಒಳಗೆ ಏನಾದರೂ ಬಿಸಿ ಇರಬೇಕು.

ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ. ನನಗೆ ಹದಿನಾಲ್ಕು. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲ ಹತ್ತಿರ ನೀರು ಕುಡಿಯುತ್ತ ನಿಂತಿದ್ದೆ. ಪಡಸಾಲೆಯಲ್ಲಿ ಚಿಗವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಥೆ ಹೇಳುತ್ತಿದ್ದಳು. ಮಗು ತೊದಲಿನಲ್ಲಿ ಹೂಂ ಹೂಂ ಅನ್ನುತ್ತಿತ್ತು. ಕಿವಿಗೊಟ್ಟು ಕೇಳಿದೆ. ಕುಂಟ ಕತ್ತೆಮರಿ ಬಂತು. ಕಾಡಿನ ಬೆಂಕಿ, ಬೆಟ್ಟದ ಮಂಜು ಬಂದವು. ಅದು ನಾನು ಹೇಳಿದ ಕಥೆ. ನಾನು ಸೇರಿಸಿದ್ದ ಬರೆ, ಉಪವಾಸ ಕೂಡ ಅದರಲ್ಲಿ ಹಾಗೇ ಇದ್ದವು.

ಬಾವಿಯ ಹತ್ತಿರ ಬರುವಷ್ಟರಲ್ಲಿ ಮಗುವಿಗೆ ನಿದ್ದೆ ಬಂತು. ಹೂಂ ನಿಂತಿತು, ಚಿಗವ್ವನೂ ನಿಲ್ಲಿಸಿದಳು.

ಯಾಕೆಂದು ಈಗಲೂ ಗೊತ್ತಿಲ್ಲ, ಬಾಗಿಲಲ್ಲಿ ನಿಂತವಳು "ಹೂಂ," ಎಂದೆ.

ಅವಳು ತಲೆಯೆತ್ತಿ ನೋಡಲಿಲ್ಲ. ಹೇಳಿದಳು. ಮಲತಾಯಿಯನ್ನು ಸುಣ್ಣದ ಗೂಡಿಗೆ ಹಾಕಿದರು, ಬಾಯಿ ಮುಚ್ಚಿದರು, ಮೂರು ದಿನ ಹೊಗೆ ಬಂತು, ಅಪ್ಪ ಮಗಳು ಆರಾಮ ಇದ್ದರು. ಬೇರೆ ಯಾರದೋ ಸುದ್ದಿಯೆಂಬಂತೆ, ಮಗುವಿನ ಹಣೆಯ ಬೆವರು ಒರೆಸುತ್ತ ಹೇಳಿ ಮುಗಿಸಿದಳು.

"ಚಿಗವ್ವ," ಎಂದೆ. ಐದು ವರ್ಷದಲ್ಲಿ ಅದೇ ಮೊದಲು. "ಕಡೀ ರೀಲು ನಾ ನೋಡಿಲ್ಲ. ಗೂಡಿಂದು ನಾನ ಹೇಳಿದ್ದು."

"ಗೊತ್ತೈತಿ."

"ಯಾವಾಗಿಂದ?"

"ಆವತ್ತಾ ಗೊತ್ತಿತ್ತು. ನಿನ್ ಪಾಟಿಚೀಲದಾಗಿನ ಚೀಟಿ ಓದಿದ್ದೆ, ಅದರಾಗ ಕತಿ ಬಾವಿತನಕ ಅಷ್ಟ ಇತ್ತು. ಅದರ ಮ್ಯಾಲೆ, ಪರದೇಶದ ಸಿನಿಮಾದಾಗ ನಿಮ್ಮ ಕುರುಗೋಡಿನ ಸುಣ್ಣದ ಗೂಡು ಎಲ್ಲಿಂದ ಬರ್ಬೇಕು?" ಎಂದಳು. ತುಟಿಯಲ್ಲಿ ಒಂದಿಷ್ಟು ನಗೆಯಿತ್ತು, ಹೊಳೆದಂಡೆಯ ಕಾಲದ್ದು.

"ಮತ್ತ ಹೂಂ ಅಂದ್ಯಲ್ಲ."

"ಹೂಂ ಅನ್ನದಿದ್ರ ನೀ ನಿಲ್ಲಿಸಿಬಿಡ್ತಿದ್ದಿ," ಎಂದಳು. "ನಾ ಬಂದ ಮ್ಯಾಲೆ ನೀ ನನ್ ಕೂಡ ಅಷ್ಟು ಮಾತಾಡಿದ್ದು ಆವತ್ತೊಂದ ದಿನ. ನೀ ನನಗ ಹೇಳಿದ ಕತಿ ಅಂತ ಇರೋದೂ ಅದೊಂದ. ಇಕೀಗೆ ಬ್ಯಾರೆ ಯಾವ್ದು ಹೇಳ್ಲಿ?"

ನನಗೆ ಆಗಲೂ ಅಳು ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆ. ಹೋಗಿ ಅವಳ ಎದುರಿಗೆ ನೆಲದ ಮೇಲೆ ಕೂತೆ. ಮಗುವಿನ ಒಂದು ಕಾಲು ನನ್ನ ಮಡಿಲಿಗೆ ಬಂತು.

"ಈಗರ ಹೇಳು. ಕಡೀಕ ಆಕಿ ಏನಾದ್ಳು?" ಎಂದಳು.

ಬಾಯಿ ತೆರೆದೆ. ಸುಣ್ಣದ ಗೂಡು ಈ ಸಲ ಬೇಡವೆನಿಸಿತು. ಹೊರಗೆ ಬಿಸಿಲು ಗುಡ್ಡದ ಬಂಡೆಗೆ ಬಡಿದು ವಾಪಸು ನಮ್ಮ ಪಡಸಾಲೆಗೆ ಬರುತ್ತಿತ್ತು.

"ಹೂಂ," ಎಂದಳು ಚಿಗವ್ವ, ನಾನಿನ್ನೂ ಒಂದು ಮಾತೂ ಆಡುವ ಮೊದಲೇ.